ಆಂಟ್‌ವರ್ಪ್‌ನ ಮಳೆಯಲ್ಲಿ ಓಡಿದ ಬೆಳಗಾವಿಯ ಫಡೆಪ್ಪ ಚೌಗುಲೆ

ಚಿಕ್ಕೋಡಿ: ಭಾರತ ಮತ್ತು ಒಲಿಂಪಿಕ್ಸ್ ಎಂದೊಡನೆ ನಮ್ಮವರಲ್ಲಿ ಬಹುತೇಕರ ನೆನಪು 1928ರ ಆಮ್‌ಸ್ಟರ್‌ಡಾಮ್‌ವರೆಗೆ ಹೋಗಿ, ಧ್ಯಾನ್‌ಚಂದ್ ಮತ್ತು ಹಾಕಿ ಚಿನ್ನದ ಬಳಿ ನಿಂತುಬಿಡುತ್ತದೆ. ಇನ್ನೂ ಸ್ವಲ್ಪ ಓದಿಕೊಂಡವರು 1900ರ ಪ್ಯಾರಿಸ್‌ನಲ್ಲಿ ಎರಡು ಬೆಳ್ಳಿ ಪದಕ ಗೆದ್ದ ಕೋಲ್ಕತ್ತಾದ ನಾರ್ಮನ್ ಪ್ರಿಚರ್ಡ್ ಹೆಸರನ್ನು ಹೇಳಿಯಾರು. ಈ ಎರಡರ ನಡುವೆ, 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಭಾರತದಿಂದ ಮೊದಲ ಬಾರಿಗೆ ಒಂದು ತಂಡವೆಂಬುದು ಹೋಗಿತ್ತು. ಒಟ್ಟು ಆರು ಮಂದಿ. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಆ ಆರರಲ್ಲಿ ಇಬ್ಬರು ಇಂದಿನ ಕರ್ನಾಟಕದವರು ಎಂಬುದು ಕನ್ನಡಿಗರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಒಬ್ಬರು ಹುಬ್ಬಳ್ಳಿಯ ಕೈಕಾಡಿ. ಮತ್ತೊಬ್ಬರು ಬೆಳಗಾವಿಯ ಫಡೆಪ್ಪ ಧರೆಪ್ಪ ಚೌಗುಲೆ.

ಚೌಗುಲೆಯವರು ಆ ವರ್ಷದ ಆಗಸ್ಟ್ 22ರಂದು ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಪದಕ ಬರಲಿಲ್ಲ. ಪದಕವಿಲ್ಲದ ಸಾಧನೆಯನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಆದರೆ ಈ ಹತ್ತೊಂಬತ್ತನೆಯ ಸ್ಥಾನದ ಬೆಲೆ ತಿಳಿಯಬೇಕಾದರೆ ಆ ಓಟ ಎಂಥದಾಗಿತ್ತು, ಅದನ್ನು ಓಡಿದವರು ಎಲ್ಲಿಂದ ಬಂದಿದ್ದರು ಎಂಬುದನ್ನು ನೋಡಬೇಕು.

ಗಡಿಸೀಮೆಯ ಹೆಸರು

ಫಡೆಪ್ಪ ಹುಟ್ಟಿದ್ದು 1902ರಲ್ಲಿ. ಅವರ ಹೆಸರಿನಲ್ಲಿಯೇ ಈ ಸೀಮೆಯ ಗುರುತಿದೆ. ಫಡೆಪ್ಪ, ಧರೆಪ್ಪ ಎಂಬ ಅಪ್ಪಟ ಕನ್ನಡದ ಅಪ್ಪಾಂತ್ಯಗಳು. ಅದರ ಬೆನ್ನಿಗೆ ಮರಾಠಾ ಕಾಲದ ಗ್ರಾಮಾಧಿಕಾರದಿಂದ ಬಂದ ಚೌಗುಲೆ ಎಂಬ ಮನೆತನದ ಹೆಸರು. ಪಾಟೀಲನಿಗೆ ಊರ ಆಡಳಿತದಲ್ಲಿ ನೆರವಾಗುತ್ತಿದ್ದವನು ಚೌಗುಲಾ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಯಾವ ಊರಿಗೆ ಹೋದರೂ ಧರೆಪ್ಪಂದಿರೂ ಸಿಗುತ್ತಾರೆ, ಚೌಗುಲೆಯವರೂ ಸಿಗುತ್ತಾರೆ. ಭಾಷೆಯ ಹೆಸರಿನಲ್ಲಿ ಈ ನೆಲದ ಮೇಲೆ ಎಷ್ಟೇ ವಾದ ನಡೆದಿರಲಿ, ಮನುಷ್ಯರ ಹೆಸರುಗಳು ಮಾತ್ರ ಎರಡೂ ಕಡೆಯ ಋಣವನ್ನು ಒಟ್ಟಿಗೆ ಹೊತ್ತು ನಡೆದಿವೆ.

ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ನೇರ ಆಡಳಿತದ ತಾಲ್ಲೂಕುಗಳು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಈಚೆಗೆ ತಾಲ್ಲೂಕು ಕೇಂದ್ರಗಳಾದ ನಿಪ್ಪಾಣಿ ಮತ್ತು ಕಾಗವಾಡಕ್ಕೆ ಅಂದು ಆ ಮಾನ್ಯತೆ ಇರಲಿಲ್ಲ. ವಿದ್ಯೆಗೆ, ವ್ಯಾಪಾರಕ್ಕೆ, ನೌಕರಿಗೆ, ಕಡೆಗೆ ಕುಸ್ತಿಯ ಕಣಕ್ಕೂ ಜನ ಮುಖ ಮಾಡುತ್ತಿದ್ದುದು ಕೊಲ್ಲಾಪುರ, ಪುಣೆಗಳ ಕಡೆಗೆ. ಮೈಸೂರು ದೂರದ ಮಾತು. ಬೆಳಗಾವಿಯಿಂದ ಪುಣೆಗೆ ಹೋಗುವ ಮೀಟರ್ ಗೇಜ್ ರೈಲು ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳನ್ನು ಹಾದು ಮಿರಜ ಸೇರುತ್ತಿತ್ತು. ಇತ್ತ ರಸ್ತೆಯಲ್ಲಿ ಹೋಗುವವರಿಗೆ ಸಂಕೇಶ್ವರ, ನಿಪ್ಪಾಣಿ, ಕೊಲ್ಲಾಪುರದ ದಾರಿ. ಫಡೆಪ್ಪನವರ ಅದೃಷ್ಟವನ್ನು ಬದಲಿಸಿದ ಕ್ರೀಡಾಕೂಟ ನಡೆದದ್ದು ಪುಣೆಯಲ್ಲಿ ಎಂಬುದರಲ್ಲಿ ಆದ್ದರಿಂದ ಅಚ್ಚರಿಯೇನಿಲ್ಲ.

ಈ ಸೀಮೆಯಲ್ಲಿ ಆಟವೆಂದರೆ ಮೊದಲಿಗೆ ಕುಸ್ತಿ. ಕೊಲ್ಲಾಪುರದ ಶಾಹು ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದ ಕಾಲವದು. ಗರಡಿಮನೆಯಿಲ್ಲದ ಊರೇ ಇರಲಿಲ್ಲವೆನ್ನಬಹುದು. ಮುಂದೆ 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿ ಬಿರುದು ಪಡೆದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದವರೇ. ಓಟಕ್ಕೆ ಮಾತ್ರ ಅಂಥ ಮಾನವಿರಲಿಲ್ಲ. ಓಡುವುದು, ನಡೆಯುವುದು ಬದುಕಿನ ಭಾಗವಾಗಿತ್ತೇ ಹೊರತು ಅದನ್ನು ಗಡಿಯಾರ ಹಿಡಿದು ಅಳೆಯುವ ವಿದ್ಯೆ ಎಂದು ಯಾರೂ ಎಣಿಸಿರಲಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಪಂಢರಪುರದ ವಿಠ್ಠಲನ ದರ್ಶನಕ್ಕೆ ದಿನಗಟ್ಟಲೆ ಕಾಲ್ನಡಿಗೆಯಲ್ಲಿ ಹೋಗಿಬರುವ ಜನಕ್ಕೆ ಇಪ್ಪತ್ತು ಮೂವತ್ತು ಮೈಲಿ ಹೆದರಿಕೆಯ ದೂರವಲ್ಲ.

ದೊರಾಬ್ಜಿ ಟಾಟಾ ಕಂಡದ್ದು

ಪುಣೆಯಲ್ಲಿ 1906ರಲ್ಲಿ ಸ್ಥಾಪನೆಯಾದ ಡೆಕ್ಕನ್ ಜಿಮ್‌ಖಾನಾ ಸಂಸ್ಥೆಯು ದೇಶೀಯ ಆಟಗಳ ಜೊತೆಗೆ ಪಾಶ್ಚಾತ್ಯ ಕ್ರೀಡೆಗಳನ್ನೂ ನಡೆಸುತ್ತಿತ್ತು. 1919ರ ಸುಮಾರಿನಲ್ಲಿ ಅಲ್ಲಿಯ ಓಟದ ಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಬಂದರು. ಜಮ್‌ಶೆಡ್‌ಜಿ ಟಾಟಾ ಅವರ ಹಿರಿಯ ಮಗನಾದ ದೊರಾಬ್ಜಿ ಇಂಗ್ಲೆಂಡಿನಲ್ಲಿ ಓದಿ, ಅಲ್ಲಿಯ ಕ್ರೀಡಾವ್ಯವಸ್ಥೆಯನ್ನು ಕಣ್ಣಾರೆ ಕಂಡಿದ್ದವರು. ಪುಣೆಯ ಆ ಮೈದಾನದಲ್ಲಿ ಅವರಿಗೆ ಕಂಡದ್ದು ಬೇರೆಯೇ ನೋಟ. ಸ್ಪರ್ಧೆಯ ನಿಯಮಗಳು ಇನ್ನೂ ಗಟ್ಟಿಗೊಂಡಿರಲಿಲ್ಲ. ದೂರದ ಓಟಕ್ಕೆ ನಿಂತವರಲ್ಲಿ ಹೆಚ್ಚಿನವರು ರೈತಾಪಿ ಮನೆಗಳ ಹುಡುಗರು. ಕಾಲಿಗೆ ಬೂಟಿಲ್ಲ, ಹೇಳಿಕೊಡುವ ಗುರುವಿಲ್ಲ. ಆದರೂ ಅವರು ದೂರ ಕ್ರಮಿಸಿದ ಸಮಯವನ್ನು ನೋಡಿದರೆ ಯುರೋಪಿನ ಓಟಗಾರರ ಸಮಯಕ್ಕೆ ಹೋಲಿಸಬಹುದಾದಷ್ಟು ಚೆನ್ನಾಗಿತ್ತು.

ದೊರಾಬ್ಜಿ ಅದನ್ನು ಮೆಚ್ಚಿ ಮನೆಗೆ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಮುಂಬಯಿ ಪ್ರಾಂತ್ಯದ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ನೆರವು ಕೋರಿದರು. ಆಳುವ ಬ್ರಿಟನ್ನಿನ ನೆರಳಿನಡಿ ಇದ್ದರೂ ಭಾರತಕ್ಕೆ ಪ್ರತ್ಯೇಕ ತಂಡವಾಗಿ ಒಲಿಂಪಿಕ್ಸ್‌ಗೆ ಹೋಗುವ ಅವಕಾಶ ದೊರೆಯಬೇಕೆಂಬುದು ಅವರ ಪ್ರಯತ್ನ. ಅದು ಫಲಿಸಿತು. 1920ರ ವಸಂತದಲ್ಲಿ ಪುಣೆಯಲ್ಲಿ ನಡೆದ ಆಯ್ಕೆ ಕೂಟದಿಂದ ತಂಡ ಸಿದ್ಧವಾಯಿತು. ಬಂಗಾಳದ ಪೂರ್ಮಾ ಬ್ಯಾನರ್ಜಿ ಕಡಿಮೆ ದೂರದ ಓಟಗಳಿಗೆ, ಸಾತಾರಾದ ಸದಾಶಿವ ದಾತಾರ ಮ್ಯಾರಥಾನ್‌ಗೆ, ಹುಬ್ಬಳ್ಳಿಯ ಕೈಕಾಡಿ ದೂರದ ಓಟಗಳಿಗೆ, ಬೆಳಗಾವಿಯ ಚೌಗುಲೆ 10,000 ಮೀಟರ್ ಮತ್ತು ಮ್ಯಾರಥಾನ್‌ಗೆ. ಕುಸ್ತಿಗೆ ಕುಮಾರ ನವಲೆ ಮತ್ತು ರಣಧೀರ ಶಿಂಧೆ. ತಂಡದ ವೆಚ್ಚದಲ್ಲಿ ದೊಡ್ಡ ಪಾಲನ್ನು ದೊರಾಬ್ಜಿ ತಮ್ಮ ಕೈಯಿಂದಲೇ ಕೊಟ್ಟರು. ಉಳಿದದ್ದಕ್ಕೆ ಸರ್ಕಾರದ ನೆರವು, ಸಾರ್ವಜನಿಕರ ದೇಣಿಗೆ.

ಇಲ್ಲಿ ಒಂದು ಮಾತು ಹೇಳಬೇಕು. ಪಟ್ಟಿಯನ್ನು ಮತ್ತೊಮ್ಮೆ ನೋಡಿ: ಬಂಗಾಳದ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ದಖನ್ನಿನವರು. ಇಡೀ ದೇಶವನ್ನು ಜಾಲಾಡಿ ಆರಿಸಿದ ತಂಡ ಅದಲ್ಲ. ಪುಣೆಯ ಮೈದಾನಕ್ಕೆ ಬಂದು ತಲುಪಬಲ್ಲವರ ನಡುವೆ ನಡೆದ ಆಯ್ಕೆ ಅದು. ಬೆಳಗಾವಿಯ ಹುಡುಗನಿಗೆ ಆ ಬಾಗಿಲು ತೆರೆದದ್ದರಲ್ಲಿ ಅವನ ಕಾಲ ಬಲದಷ್ಟೇ ಪಾಲು ಬೆಳಗಾವಿ-ಪುಣೆ ದಾರಿಗೂ ಇದೆ. ಅಂದು ಪಂಜಾಬಿನಲ್ಲೋ ಮದರಾಸು ಪ್ರಾಂತ್ಯದಲ್ಲೋ ಇವನಿಗಿಂತ ವೇಗವಾಗಿ ಓಡುವವರು ಇದ್ದಿರಬಹುದು. ಅವರನ್ನು ನೋಡುವ ದೊರಾಬ್ಜಿ ಅಲ್ಲಿರಲಿಲ್ಲ, ಅಷ್ಟೆ.

ಯುದ್ಧದ ಗಾಯ ಆರದ ನಗರ

ಮುಂಬಯಿಯಿಂದ ಹಡಗು ಹತ್ತಿದ ತಂಡ ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿ ಕೆಲವು ವಾರ ತರಬೇತಿ ಪಡೆಯಿತು. ಮಣ್ಣಿನ ದಾರಿಯಲ್ಲಿ, ಬಿಸಿಲಲ್ಲಿ ಓಡಿ ಬೆಳೆದವರಿಗೆ ಅದು ಹೊಸ ಹವೆ, ಹೊಸ ಊಟ, ಹೊಸ ನೆಲ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಯುದ್ಧದಲ್ಲಿ ಜರ್ಜರಿತವಾದ ಬೆಲ್ಜಿಯಂಗೆ ಗೌರವವಾಗಿ ಆ ಸಲದ ಒಲಿಂಪಿಕ್ಸ್ ಆತಿಥ್ಯವನ್ನು 1919ರಲ್ಲಿ ಆಂಟ್‌ವರ್ಪ್‌ಗೆ ಕೊಡಲಾಗಿತ್ತು. ಸಿದ್ಧತೆಗೆ ಸಿಕ್ಕ ಕಾಲ ಒಂದೂವರೆ ವರ್ಷಕ್ಕಿಂತಲೂ ಕಡಿಮೆ. ಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾ, ಟರ್ಕಿ ದೇಶಗಳಿಗೆ ಆಹ್ವಾನವಿರಲಿಲ್ಲ. ಐದು ಉಂಗುರಗಳ ಧ್ವಜ ಒಲಿಂಪಿಕ್ ಕೂಟದಲ್ಲಿ ಮೊದಲು ಹಾರಿದ್ದು ಅಲ್ಲಿಯೇ. ಕ್ರೀಡಾಪಟುಗಳ ಪ್ರತಿಜ್ಞೆ ಮೊದಲು ಕೇಳಿಬಂದದ್ದೂ ಅಲ್ಲಿಯೇ. ಐಸ್ ಹಾಕಿ ಆಟ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದು ಕೂಡ ಅದೇ ಆಂಟ್‌ವರ್ಪ್‌ನಲ್ಲಿ, ಆ ವರ್ಷದ ಏಪ್ರಿಲ್‌ನಲ್ಲಿ.

ಆಗಸ್ಟ್ 14ರಂದು ಉದ್ಘಾಟನೆ. ಭಾರತ ತಂಡದ ಮುಂದೆ ಧ್ವಜ ಹಿಡಿದವರು ಬ್ಯಾನರ್ಜಿ. ಆ ಧ್ವಜ ನಮ್ಮದಾಗಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಅದೇ ಮೆರವಣಿಗೆಯಲ್ಲಿ ಫಿನ್ಲೆಂಡ್ ದೇಶ ಮೊದಲ ಸಲ ತನ್ನದೇ ಸ್ವತಂತ್ರ ಧ್ವಜದಡಿ ನಡೆಯಿತು. ಎಂಟು ವರ್ಷ ಹಿಂದೆ ಸ್ಟಾಕ್‌ಹೋಮ್‌ನಲ್ಲಿ ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಮೂರು ಚಿನ್ನ ಗೆದ್ದಾಗ ಮೇಲೇರಿದ್ದು ರಷ್ಯಾದ ಬಾವುಟ. ಫಿನ್ಲೆಂಡ್ ಆಗ ರಷ್ಯಾ ಚಕ್ರವರ್ತಿಯ ಅಧೀನ. 1917ರಲ್ಲಿ ಆ ದೇಶ ಸ್ವತಂತ್ರವಾಯಿತು. ಗೆದ್ದವನಿಗೆ ಪರರ ಬಾವುಟ ನೋಡುವ ಸಂಕಟ ಏನೆಂಬುದು ಕೊಲೆಮೈನೆನ್‌ಗೆ ಗೊತ್ತಿತ್ತು. ಅಂಥವರ ಜೊತೆಯಲ್ಲಿಯೇ ಬೆಳಗಾವಿಯ ಹದಿನೆಂಟರ ಯುವಕ ಮ್ಯಾರಥಾನ್ ಗೆರೆಯ ಮೇಲೆ ನಿಲ್ಲಬೇಕಿತ್ತು.

ಅದಕ್ಕೂ ಮೊದಲು 10,000 ಮೀಟರ್ ಓಟವಿತ್ತು. ಆ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಚೌಗುಲೆಯವರು ಓಟವನ್ನು ಪೂರ್ತಿ ಮಾಡಲಿಲ್ಲ. ಅದರ ಚಿನ್ನ ಗೆದ್ದದ್ದು ಪಾವೊ ನೂರ್ಮಿ ಎಂಬ ಇನ್ನೊಬ್ಬ ಫಿನ್ಲೆಂಡಿಗ. ಮುಂದಿನ ದಶಕವನ್ನೇ ಆಳಿದ ಓಟಗಾರ. ಸುತ್ತು ಹಾಕುವ ಟ್ರ್ಯಾಕ್, ಆಗಾಗ ವೇಗ ಬದಲಿಸುವ ತಂತ್ರ, ಮಳೆಯಿಂದ ಭಾರವಾದ ನೆಲ: ಇವೆಲ್ಲ ಪಳಗಿದವರ ಆಟ. ಮೊದಲ ಸ್ಪರ್ಧೆಯಲ್ಲಿಯೇ ಹೀಗಾದ ಮೇಲೆ ಮೂರು ದಿನಗಳೊಳಗೆ ಮತ್ತೆ ನಾಲ್ಕುಪಟ್ಟು ದೂರ ಓಡಲು ಗೆರೆಗೆ ಬಂದು ನಿಲ್ಲುವುದಕ್ಕೆ ಕಾಲಿನ ಬಲವೊಂದೇ ಸಾಲದು.

42.75 ಕಿಲೋಮೀಟರ್

ಇಂದು ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ಅಳತೆಯನ್ನು ಅಂತಿಮವಾಗಿ ಗೊತ್ತುಮಾಡಿದ್ದು 1921ರಲ್ಲಿ. ಅಲ್ಲಿಯವರೆಗೆ ಒಂದೊಂದು ಒಲಿಂಪಿಕ್ಸ್‌ನಲ್ಲಿ ಒಂದೊಂದು ದೂರ. ಆಂಟ್‌ವರ್ಪ್‌ನಲ್ಲಿ ಅದು 42.75 ಕಿಲೋಮೀಟರ್, ಅಂದರೆ ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಮಿಗಿಲು. ನಮ್ಮ ಓದುಗರಿಗೆ ಹೇಳುವುದಾದರೆ, ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ ಮುಟ್ಟಿ, ತಿರುಗಿ ನಿಪ್ಪಾಣಿಯ ಸನಿಹಕ್ಕೆ ಬಂದಷ್ಟು ದೂರ.

ಓಟಕ್ಕೆ ಹೊರಟವರು 48 ಮಂದಿ. ತಂಪು ಹವೆ, ಮೇಲೆ ಮಳೆ. ಕಾದ ನೆಲದಲ್ಲಿ ಓಡಿ ಅಭ್ಯಾಸವಿದ್ದವರಿಗೆ ಇಂಥ ದಿನ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೈ ಕಾವೇರುವುದಿಲ್ಲವಾದ್ದರಿಂದ ಉಸಿರಿಗೆ ಅನುಕೂಲ. ಆದರೆ ಒದ್ದೆಯಾದ ಕಾಲು ಮರಗಟ್ಟುತ್ತದೆ, ಸ್ನಾಯು ಬಿಗಿಯುತ್ತದೆ. ಮೂವತ್ತು ಕಿಲೋಮೀಟರ್ ದಾಟುವ ಹೊತ್ತಿಗೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಸತ್ವ ಬರಿದಾಗುತ್ತ ಬರುತ್ತದೆ. ಯಾವಾಗ ಏನು ಕುಡಿಯಬೇಕು, ಎಷ್ಟು ತಿನ್ನಬೇಕು ಎಂಬ ಇಂದಿನ ಶಾಸ್ತ್ರ ಆಗ ಹುಟ್ಟಿರಲಿಲ್ಲ. ತರಬೇತಿ ಪಡೆದ ಯುರೋಪಿನವರೂ ಊಹೆಯ ಮೇಲೆಯೇ ಓಡುತ್ತಿದ್ದರು.

ಮುಂದೆ ನಡೆದದ್ದು ಒಲಿಂಪಿಕ್ ಇತಿಹಾಸದಲ್ಲಿಯೇ ನೆನಪಿಡಬೇಕಾದ ಓಟ. ಕೊಲೆಮೈನೆನ್ ಮತ್ತು ದಕ್ಷಿಣ ಆಫ್ರಿಕಾದ ಕ್ರಿಶ್ಚಿಯನ್ ಗಿಟ್‌ಶಾಮ್ ಇಬ್ಬರೂ ತಿರುವಿನವರೆಗೆ ಜೊತೆಜೊತೆಯಾಗಿ ಮುಂದಿದ್ದರು. ನಂತರ ಗಿಟ್‌ಶಾಮ್‌ನ ಬೂಟು ಕಿತ್ತುಹೋಗಿ, ಕಾಲು ನೊಂದು ಅವನು ಓಟ ಬಿಡಬೇಕಾಯಿತು. ಬೂಟಿಲ್ಲದವರ ದೇಶದಿಂದ ಬಂದವರು ಹಿಂದೆ ಓಡುತ್ತಿರುವಾಗ ಬೂಟಿನಿಂದಲೇ ಪದಕ ತಪ್ಪಿದ್ದು ವಿಧಿಯ ವಿನೋದವೆನ್ನಬೇಕು. ಕೊನೆಯ ಹಂತದಲ್ಲಿ ಎಸ್ಟೋನಿಯಾದ ಯೂರಿ ಲಾಸ್‌ಮನ್ ರಭಸದಿಂದ ಹತ್ತಿರ ಹತ್ತಿರ ಬಂದರೂ ಕೊಲೆಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಮೊದಲಿಗರಾಗಿ ಬಂದರು. ಇಬ್ಬರ ನಡುವಿನ ಅಂತರ 13 ಸೆಕೆಂಡಿಗೂ ಕಡಿಮೆ. ಮೂರನೆಯವರಾದ ಇಟಲಿಯ ವಲೇರಿಯೊ ಆರ್ರಿ ಗೆರೆ ದಾಟಿದ ಸಂತೋಷಕ್ಕೆ ಮೈದಾನದಲ್ಲಿಯೇ ಲಾಗ ಹಾಕಿದರಂತೆ. ನಲವತ್ತೆರಡು ಕಿಲೋಮೀಟರ್ ಓಡಿದ ಮೇಲೆ!

ಅವರ ಬೆನ್ನಿಗೆ ಒಬ್ಬೊಬ್ಬರಾಗಿ ಒದ್ದೆ ಮೈಯಲ್ಲಿ ಕ್ರೀಡಾಂಗಣಕ್ಕೆ ಬರತೊಡಗಿದರು. ಹದಿನಾರನೆಯವರು ಜಪಾನಿನ ಶಿಜೊ ಕನಕುರಿ. ಇಂದಿಗೂ ಜಪಾನಿನಲ್ಲಿ ಮ್ಯಾರಥಾನ್ ಪಿತಾಮಹ ಎಂದು ಪೂಜೆಗೊಳ್ಳುವ ಹೆಸರು. ಹತ್ತೊಂಬತ್ತನೆಯವರು ಚೌಗುಲೆ. ಹೊರಟ 48 ಮಂದಿಯಲ್ಲಿ ಗುರಿ ಮುಟ್ಟಿದ್ದು 35 ಮಂದಿ. ದಾರಿಯಲ್ಲಿ ಕೈಬಿಟ್ಟ 13 ಜನರಲ್ಲಿ ಸಾತಾರಾದ ದಾತಾರ ಕೂಡ ಒಬ್ಬರು.

ಲೆಕ್ಕ ಹಾಕಿದರೆ ಚೌಗುಲೆಯವರು ಪ್ರತಿ ಕಿಲೋಮೀಟರನ್ನು ನಾಲ್ಕು ನಿಮಿಷಕ್ಕಿಂತ ತುಸು ಕಡಿಮೆ ಅವಧಿಯಲ್ಲಿ ಕ್ರಮಿಸಿದ್ದಾರೆ. ಚಿನ್ನ ಗೆದ್ದವರಿಗಿಂತ ಕಿಲೋಮೀಟರಿಗೆ ಸುಮಾರು 25 ಸೆಕೆಂಡ್ ಹಿಂದೆ. ಒಟ್ಟು 18 ನಿಮಿಷದ ಅಂತರ. ಇಂದಿನ ಅಳತೆಗೆ ತಂದರೆ ಅದೇ ವೇಗದಲ್ಲಿ ಅವರ ಸಮಯ ಸುಮಾರು 2 ಗಂಟೆ 48 ನಿಮಿಷ 30 ಸೆಕೆಂಡ್ ಆಗುತ್ತದೆ. ಗಾಳಿ ತುಂಬಿದ ಬೂಟು, ಕೈಗಡಿಯಾರದಲ್ಲಿ ಎದೆಬಡಿತ ಎಣಿಸುವ ಯಂತ್ರ, ಐದು ಕಿಲೋಮೀಟರಿಗೊಂದು ನೀರಿನ ಮೇಜು ಇವೆಲ್ಲ ಇರುವ ಈ ದಿನಗಳಲ್ಲಿಯೂ ಬೆಂಗಳೂರಿನ ರಸ್ತೆಗಳಲ್ಲಿ ಹವ್ಯಾಸಕ್ಕೆ ಓಡುವವರು ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದರೆ ಗೆಳೆಯರಿಗೆ ಸಿಹಿ ಹಂಚುತ್ತಾರೆ ಎಂಬುದನ್ನು ನೆನೆದರೆ ಸಾಕು.

ತಂಡದ ಉಳಿದವರ ವಿಷಯ ಚುಟುಕಾಗಿ. ಬ್ಯಾನರ್ಜಿ ಆರಂಭದ ಸುತ್ತುಗಳನ್ನು ದಾಟಲಿಲ್ಲ. ನವಲೆ ಮೊದಲ ಪಂದ್ಯದಲ್ಲಿಯೇ ಸೋತರು. ಶಿಂಧೆ ಮಾತ್ರ ಫೆದರ್‌ವೇಟ್ ಕುಸ್ತಿಯಲ್ಲಿ ನಾಲ್ಕನೆಯ ಸ್ಥಾನ ಪಡೆದು ಕಂಚಿನ ಹೊಸ್ತಿಲವರೆಗೆ ಹೋಗಿ ಬಂದರು. ಮಣ್ಣಿನ ಕಣದ ಪೈಲ್ವಾನ ಮೆತ್ತೆಯ ಮೇಲೆ ಅಷ್ಟು ದೂರ ಹೋದದ್ದು ಅಂದಿಗೆ ಸಣ್ಣ ಮಾತಲ್ಲ. ಪದಕಪಟ್ಟಿಯಲ್ಲಿ ಭಾರತದ ಹೆಸರು ಇರಲಿಲ್ಲ.

ಮರಳಿದ ಮೇಲೆ

ತಂಡ ತಾಯ್ನಾಡಿಗೆ ಮರಳಿದಾಗ ದೇಶದ ಗಮನ ಬೇರೆಡೆ ಇತ್ತು. 1920ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾದ ವಿಶೇಷ ಅಧಿವೇಶನದಲ್ಲಿ ಕಾಂಗ್ರೆಸ್ ಅಸಹಕಾರ ಚಳವಳಿಯನ್ನು ಒಪ್ಪಿಕೊಂಡಿತು. ಲೋಕಮಾನ್ಯ ತಿಲಕರು ಆಗಸ್ಟ್ 1ರಂದೇ ತೀರಿಕೊಂಡಿದ್ದರು. ಪುಣೆ, ಬೆಳಗಾವಿ ಎರಡೂ ತಿಲಕರ ಪ್ರಭಾವದ ಊರುಗಳು. ಬ್ರಿಟಿಷ್ ಧ್ವಜದಡಿ ಯುರೋಪಿನಲ್ಲಿ ಓಡಿ ಬಂದವರನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಮನಃಸ್ಥಿತಿ ಜನರಲ್ಲಿ ಇರುವುದು ಸಾಧ್ಯವಿರಲಿಲ್ಲ. ನಾಲ್ಕು ವರ್ಷ ಕಳೆದು 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲೇ ನಡೆಯಿತು. ಊರಿನ ಚರಿತ್ರೆಯಲ್ಲಿ ಆ ದಶಕವೆಂದರೆ ಆ ಅಧಿವೇಶನ ಎಂಬಂತಾಯಿತು. ಅದು ಸಹಜವೂ ಹೌದು. ಅದರ ಪಕ್ಕದಲ್ಲಿ ಒಬ್ಬ ಓಟಗಾರನಿಗೂ ಒಂದು ಸಾಲಿನ ಜಾಗ ಇರಬಹುದಿತ್ತು ಎಂದಷ್ಟೇ ಈ ವರದಿಗಾರನ ಅನಿಸಿಕೆ.

ಆದರೆ ಆಂಟ್‌ವರ್ಪ್ ಪ್ರವಾಸ ನಿಷ್ಫಲವಾಗಲಿಲ್ಲ. ದೊರಾಬ್ಜಿ ಟಾಟಾ 1920ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. 1924ರ ಪ್ಯಾರಿಸ್ ಕೂಟಕ್ಕೆ ತಂಡ ಕಳಿಸುವ ಮುನ್ನ ದೇಶದ ಹಲವು ಪ್ರಾಂತ್ಯಗಳಿಂದ ಓಟಗಾರರನ್ನು ಕರೆಸಿ ಆಯ್ಕೆ ನಡೆಸುವ ವ್ಯವಸ್ಥೆ ಬಂತು, ಮದರಾಸಿನ ವೈ.ಎಂ.ಸಿ.ಎ.ಯ ಹ್ಯಾರಿ ಬಕ್ ಅವರಂಥವರು ಅದಕ್ಕೆ ದುಡಿದರು. ಪುಣೆಯ ಒಂದು ಮೈದಾನದ ಆಯ್ಕೆ ಅಖಿಲ ಭಾರತ ಆಯ್ಕೆಯಾಗಿ ಬೆಳೆಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷರು ದೊರಾಬ್ಜಿಯೇ. ಮರುವರ್ಷವೇ ಹಾಕಿ ಚಿನ್ನ. ಆ ಚಿನ್ನದ ಹಿಂದೆ ಇಂಥದೊಂದು ಸಂಸ್ಥೆ ಇತ್ತು, ಆ ಸಂಸ್ಥೆಯ ಹಿಂದೆ ಆರು ಜನರ ಒಂದು ಹಡಗುಯಾನ ಇತ್ತು.

ಪ್ಯಾರಿಸ್‌ನಲ್ಲಿ ಮ್ಯಾರಥಾನ್ ಓಡಿದ ಮಹಾದೇವ್ ಸಿಂಗ್ 29ನೆಯವರಾದರು. ಚೌಗುಲೆಯವರ ಒಲಿಂಪಿಕ್ ಬದುಕು ಆಂಟ್‌ವರ್ಪ್‌ನ ಆ ಒಂದೇ ವಾರದಲ್ಲಿ ಆರಂಭವಾಗಿ ಮುಗಿದಿತ್ತು. ಅವರು ನಿಧನರಾದದ್ದು 1952ರಲ್ಲಿ. ಆ ವರ್ಷದ ಒಲಿಂಪಿಕ್ಸ್ ನಡೆದದ್ದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಅಲ್ಲಿ ಜ್ಯೋತಿ ಬೆಳಗಿದವರು ಪಾವೊ ನೂರ್ಮಿ ಮತ್ತು ಹಾನೆಸ್ ಕೊಲೆಮೈನೆನ್. ಆಂಟ್‌ವರ್ಪ್‌ನಲ್ಲಿ ಚೌಗುಲೆ ಇಳಿದ ಎರಡೂ ಸ್ಪರ್ಧೆಗಳ ವಿಜೇತರು. ಅದೇ ಹೆಲ್ಸಿಂಕಿಯಲ್ಲಿ ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ ಕುಸ್ತಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಶಿಂಧೆ 32 ವರ್ಷ ಹಿಂದೆ ಕೈಯಳತೆಯಲ್ಲಿ ಬಿಟ್ಟುಬಂದಿದ್ದ ಕಂಚು ಕೊನೆಗೂ ದಖನ್ನಿನ ಮಣ್ಣಿಗೆ ಬಂದಿತ್ತು.

ಒಲಿಂಪಿಕ್ಸ್ ಪುರುಷರ ಮ್ಯಾರಥಾನ್‌ನಲ್ಲಿ ಚೌಗುಲೆಯವರ 19ನೆಯ ಸ್ಥಾನಕ್ಕಿಂತ ಮೇಲೇರಲು ಭಾರತೀಯನೊಬ್ಬನಿಗೆ 56 ವರ್ಷ ಬೇಕಾಯಿತು. 1976ರ ಮಾಂಟ್ರಿಯಲ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ 11ನೆಯವರಾಗಿ ಬಂದರು. ಬರಿಗಾಲಲ್ಲಿ ಓಡುವುದಕ್ಕೆ ಅವರೂ ಹೆಸರಾದವರು. 1980ರ ಮಾಸ್ಕೊದಲ್ಲಿ ಹರಿಚಂದ್ 22ನೆಯವರು. 2016ರ ರಿಯೊದಲ್ಲಿ ಗೋಪಿ ಮತ್ತು ಖೇತಾರಾಮ್ ಕ್ರಮವಾಗಿ 25 ಹಾಗೂ 26ನೆಯವರು. ಪಟ್ಟಿಯಲ್ಲಿ ಶಿವನಾಥ್ ಸಿಂಗ್ ಅವರೊಬ್ಬರನ್ನು ಬಿಟ್ಟರೆ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಮುಂದೆ ಇನ್ನೂ ಯಾರ ಹೆಸರೂ ಸೇರಿಲ್ಲ.